ಹದಿಮೂರು ಡಿಗ್ರಿ ಅಕ್ಷಾಂಶದಿಂದ ಆಳಾಕಾಶದ ಛಾಯಾಗ್ರಹಣ

ಆಳಾಕಾಶದ, ಅಂದರೆ ಸೌರಮಂಡಲದ ಆಚೆಗಿನ ನೀಹಾರಿಕೆ, ಗೆಲಾಕ್ಸಿಗಳಂಥ ಕಾಯಗಳ ಛಾಯಾಗ್ರಹಣಕ್ಕೆ ಇಳಿಯುವ ಹವ್ಯಾಸಿಗಳಲ್ಲಿ ಹೆಚ್ಚಿನವರು ಕೈಯಲ್ಲಿರುವ ಹಣದ ದೊಡ್ಡ ಪಾಲನ್ನು ದೂರದರ್ಶಕಕ್ಕೆ ಹಾಕಿ, ಉಳಿದದ್ದರಲ್ಲಿ ಮೌಂಟನ್ನು, ಅಂದರೆ ದೂರದರ್ಶಕವನ್ನು ಹೊತ್ತು ತಿರುಗಿಸುವ ಆಧಾರವನ್ನು, ಹೊಂದಿಸಿಕೊಳ್ಳುತ್ತಾರೆ. ಈ ಕ್ರಮ ತಲೆಕೆಳಗಾದದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ಮಸೂರ ಎಷ್ಟೇ ಉತ್ತಮವಾಗಿದ್ದರೂ ಕೊನೆಯ ಚಿತ್ರದ ಗುಣಮಟ್ಟವನ್ನು ತೀರ್ಮಾನಿಸುವ ಸಂಗತಿಗಳು ಮೂರೇ: ನಕ್ಷತ್ರವನ್ನು ನಿಮಿಷಗಟ್ಟಲೆ ಒಂದೇ ಪಿಕ್ಸೆಲಿನ ಮೇಲೆ ನಿಲ್ಲಿಸಬಲ್ಲ ಮೌಂಟು, ಹಿನ್ನೆಲೆಯಲ್ಲಿ ಆಕಾಶ ಎಷ್ಟು ಬೆಳಗುತ್ತಿದೆ ಎಂಬುದು, ಮತ್ತು ಒಟ್ಟು ಎಷ್ಟು ಗಂಟೆಗಳ ಬೆಳಕನ್ನು ಕೂಡಿಹಾಕಿದ್ದೇವೆ ಎಂಬುದು. ನಾನು ಬೆಂಗಳೂರಿನ ತಾರಸಿಯ ಮೇಲೆ ಬಳಸುವುದು 80 ಮಿಲಿಮೀಟರ್ ವ್ಯಾಸದ ಒಂದು ಸಾಧಾರಣ ಇಡಿ ರಿಫ್ರಾಕ್ಟರ್ (ಬಣ್ಣದ ಅಂಚನ್ನು ತಗ್ಗಿಸುವ ಗಾಜಿನ ಮಸೂರದ ದೂರದರ್ಶಕ), ಮಧ್ಯಮ ದರ್ಜೆಯ ಒಂದು ಇಕ್ವಟೋರಿಯಲ್ ಮೌಂಟ್ (ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಅಕ್ಷದ ಮೇಲೆ ತಿರುಗುವಂಥದು) ಮತ್ತು ಸೋನಿಯ ಐಎಂಎಕ್ಸ್533 ಸೆನ್ಸರ್ ಇರುವ ತಂಪುಗೊಳಿಸಬಲ್ಲ ಬಣ್ಣದ ಕ್ಯಾಮೆರಾ. ಮುಂದೆ ಹೇಳುವುದೆಲ್ಲ ಈ ಬಗೆಯ ಉಪಕರಣವನ್ನು, ಅದರಲ್ಲೂ ನಮ್ಮ ಅಕ್ಷಾಂಶದಲ್ಲಿ ಬಳಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು.

ಯಾವುದನ್ನಾದರೂ ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ ಒಂದಿದೆ. ಸೆನ್ಸರಿನ ಒಂದು ಪಿಕ್ಸೆಲಿನ ಅಗಲವನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು, 206.265ರಿಂದ ಗುಣಿಸಿ, ದೂರದರ್ಶಕದ ಸಂಗಮದೂರವನ್ನು (ಫೋಕಲ್ ಲೆಂತ್) ಮಿಲಿಮೀಟರಿನಲ್ಲಿ ಹಿಡಿದು ಅದರಿಂದ ಭಾಗಿಸಿದರೆ, ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಆರ್ಕ್ ಸೆಕೆಂಡುಗಳನ್ನು (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ನೋಡುತ್ತದೆ ಎಂಬುದು ದೊರೆಯುತ್ತದೆ. ನನ್ನ ಸೆನ್ಸರಿನ ಪಿಕ್ಸೆಲ್ 3.76 ಮೈಕ್ರಾನ್, ದೂರದರ್ಶಕದ ಸಂಗಮದೂರ 480 ಮಿಲಿಮೀಟರ್. ಆದ್ದರಿಂದ ಪಿಕ್ಸೆಲಿಗೆ ಸುಮಾರು 1.6 ಆರ್ಕ್ ಸೆಕೆಂಡ್. ಸಂಗಮದೂರವನ್ನು ತಗ್ಗಿಸುವ ಮಸೂರವಾದ 0.8 ಪಟ್ಟಿನ ರೆಡ್ಯೂಸರ್ ಹಾಕಿದರೆ ಸಂಗಮದೂರ 384 ಮಿಲಿಮೀಟರಿಗೆ ಇಳಿದು, ಪ್ರಮಾಣ 2 ಆರ್ಕ್ ಸೆಕೆಂಡಿಗೆ ಬರುತ್ತದೆ. ಊರಿನ ತಾರಸಿಯ ಮೇಲೆ ವಾತಾವರಣದ ಅಲುಗಾಟವೇ ನಕ್ಷತ್ರವೊಂದನ್ನು ಎರಡೂವರೆ ಮೂರು ಆರ್ಕ್ ಸೆಕೆಂಡುಗಳಷ್ಟು ಅಗಲಿಸಿಬಿಡುವುದರಿಂದ, ಪಿಕ್ಸೆಲಿಗೆ ಒಂದರಿಂದ ಎರಡು ಆರ್ಕ್ ಸೆಕೆಂಡುಗಳ ಈ ವ್ಯಾಪ್ತಿ ಸಾಕಾಗುತ್ತದೆ. ಇದೇ ಕ್ಯಾಮೆರಾವನ್ನು 8 ಇಂಚಿನ, 2032 ಮಿಲಿಮೀಟರ್ ಸಂಗಮದೂರದ ಶ್ಮಿಟ್-ಕ್ಯಾಸೆಗ್ರೇನ್ ದೂರದರ್ಶಕಕ್ಕೆ ಜೋಡಿಸಿದರೆ ಪಿಕ್ಸೆಲಿಗೆ 0.38 ಆರ್ಕ್ ಸೆಕೆಂಡ್ ಬರುತ್ತದೆ. ವಾತಾವರಣ ಕೊಡಲಾರದ ವಿವರವನ್ನು ಹುಡುಕುತ್ತಾ, ಇರುವ ಬೆಳಕನ್ನು ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಪಿಕ್ಸೆಲುಗಳಿಗೆ ಹಂಚಿ, ಮೌಂಟಿನಿಂದ ನಾಲ್ಕೈದು ಪಟ್ಟು ಹೆಚ್ಚಿನ ನಿಖರತೆಯನ್ನು ಬೇಡುವ ಜೋಡಣೆ ಅದು. ಗ್ರಹಗಳಿಗೆ ಅದೇ ದೂರದರ್ಶಕ ಅತ್ಯುತ್ತಮ. ಆದರೆ ನೀಹಾರಿಕೆಗಳ ಚಿತ್ರ ತೆಗೆಯಲು ಬಯಸುವ ಹೊಸಬರಿಗೆ ಅದನ್ನು ಸೂಚಿಸುವವರನ್ನು ಕಂಡಾಗ ನನಗೆ ಅಸಮಾಧಾನವಾಗುತ್ತದೆ.

ನೋಟದ ವಿಸ್ತಾರದ ಲೆಕ್ಕವೂ ಹೀಗೆಯೇ. ದೇವಯಾನಿ ಗೆಲಾಕ್ಸಿ, ಅಂದರೆ ಎಂ 31, ಆಕಾಶದಲ್ಲಿ ಸುಮಾರು ಮೂರು ಡಿಗ್ರಿ ಉದ್ದ ಹರಡಿಕೊಂಡಿದೆ; ಇದು ಹುಣ್ಣಿಮೆಯ ಚಂದ್ರನ ವ್ಯಾಸದ ಆರು ಪಟ್ಟು. 11.3 ಮಿಲಿಮೀಟರ್ ಬದಿಯ ನನ್ನ ಚೌಕ ಸೆನ್ಸರಿಗೆ ರೆಡ್ಯೂಸರ್ ಹಾಕಿದರೂ ಕಾಣುವುದು 1.7 ಡಿಗ್ರಿ ಮಾತ್ರ. ಆದ್ದರಿಂದ ಅದನ್ನು ನಾನು ತುಂಡುತುಂಡಾಗಿ ತೆಗೆದು ಜೋಡಿಸಬೇಕು. ಎಪಿಎಸ್-ಸಿ ಗಾತ್ರದ ಐಎಂಎಕ್ಸ್571 ಸೆನ್ಸರ್ ಇದ್ದವರಿಗೆ ಅದೇ ದೂರದರ್ಶಕದಲ್ಲಿ ಮೂರೂವರೆ ಡಿಗ್ರಿ ಸಿಗುವುದರಿಂದ ಇಡೀ ಗೆಲಾಕ್ಸಿ ಒಂದೇ ಚೌಕಟ್ಟಿನಲ್ಲಿ ಕೂರುತ್ತದೆ. ಉಪಕರಣ ಯಾವುದಕ್ಕೆ ಒಗ್ಗುತ್ತದೆಯೋ ಅಂಥ ಕಾಯವನ್ನೇ ಆರಿಸಿಕೊಳ್ಳುವುದು ಬಿಡಿಕಾಸೂ ಖರ್ಚಿಲ್ಲದ ಸುಧಾರಣೆ.

ಇನ್ನು ಮೌಂಟಿನ ವಿಷಯ. ಭೂಮಿಯ ತಿರುಗುವಿಕೆಯಿಂದ ನಕ್ಷತ್ರಗಳು ಸೆಕೆಂಡಿಗೆ 15 ಆರ್ಕ್ ಸೆಕೆಂಡುಗಳಷ್ಟು ಸರಿಯುತ್ತವೆ. ಅದನ್ನು ಹಿಂಬಾಲಿಸುವ ಹಲ್ಲುಚಕ್ರಗಳು ಎಷ್ಟೇ ಚೆನ್ನಾಗಿದ್ದರೂ, ಅವುಗಳನ್ನು ತಿರುಗಿಸುವ ಸುರುಳಿ ತಿರುಪು, ಅಂದರೆ ವರ್ಮ್, ಒಂದು ಸುತ್ತು ಮುಗಿಸುವಷ್ಟರಲ್ಲಿ ಒಮ್ಮೆ ಮುಂದೆ, ಒಮ್ಮೆ ಹಿಂದೆ ತೂಗುತ್ತವೆ. 135 ಹಲ್ಲುಗಳ ಚಕ್ರವಿರುವ ಎಚ್‌ಇಕ್ಯೂ5 ಮೌಂಟಿನಲ್ಲಿ ಈ ಸುತ್ತಿಗೆ 638 ಸೆಕೆಂಡುಗಳು, 180 ಹಲ್ಲುಗಳ ಇಕ್ಯೂ6 ಮೌಂಟಿನಲ್ಲಿ 479 ಸೆಕೆಂಡುಗಳು ಬೇಕು. ಇಷ್ಟು ನಿಧಾನವಾದ ದೋಷವನ್ನು, ನಕ್ಷತ್ರವೊಂದನ್ನು ಗಮನಿಸುತ್ತಾ ಮೌಂಟನ್ನು ತಿದ್ದುವ ಗೈಡ್ ಕ್ಯಾಮೆರಾ ಸುಲಭವಾಗಿ ಸರಿಪಡಿಸುತ್ತದೆ. ಪಿಎಚ್‌ಡಿ2 ಎಂಬ ಉಚಿತ ತಂತ್ರಾಂಶವೇ ಅದಕ್ಕೆ ಸಾಕು. ಆದರೆ ಅದರ ನಕ್ಷೆಯಲ್ಲಿ ಕಾಣುವ ಅಂಕುಡೊಂಕಾದ ಗೆರೆಯನ್ನು ಸಪಾಟುಗೊಳಿಸುವ ಆತುರದಲ್ಲಿ ಗೈಡ್ ಎಕ್ಸ್‌ಪೋಷರನ್ನು ಅರ್ಧ ಸೆಕೆಂಡಿಗೆ ಇಳಿಸಿ, ಪ್ರತಿಕ್ರಿಯೆಯ ತೀವ್ರತೆಯನ್ನು ಏರಿಸುವವರು, ಮೌಂಟಿನ ದೋಷವನ್ನು ಬಿಟ್ಟು ಗಾಳಿಯ ಅಲುಗಾಟವನ್ನು ಬೆನ್ನಟ್ಟುತ್ತಿರುತ್ತಾರೆ. ವರ್ಮ್ ಗೇರಿನ ಮೌಂಟುಗಳಿಗೆ ಎರಡು ಸೆಕೆಂಡುಗಳ ಎಕ್ಸ್‌ಪೋಷರ್, ಹಲವು ನಕ್ಷತ್ರಗಳನ್ನು ಒಟ್ಟಿಗೆ ನೋಡುವ ಆಯ್ಕೆ ಮತ್ತು ಸೌಮ್ಯವಾದ ತಿದ್ದುಪಡಿ ಸಾಕು. ಬಾಗುವ ತೆಳು ಹಲ್ಲುಚಕ್ರದಿಂದ ತಿರುಗುವ, ಹೊಸ ಬಗೆಯ ಸ್ಟ್ರೇನ್ ವೇವ್ ಮೌಂಟುಗಳ ಸ್ವಭಾವ ಬೇರೆ. ಅವು ಹಗುರ, ಅವುಗಳಿಗೆ ಪ್ರತಿಭಾರ ಬೇಡ, ಆದರೆ ಅವುಗಳ ದೋಷ ದೊಡ್ಡದು ಮತ್ತು ಬೇಗ ಬೇಗ ಬದಲಾಗುವಂಥದು. ಅಲ್ಲಿ ಒಂದು ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಎಕ್ಸ್‌ಪೋಷರ್ ನ್ಯಾಯವೇ. ಒಟ್ಟು ಗೈಡಿಂಗ್ ದೋಷ ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ) ಲೆಕ್ಕದಲ್ಲಿ ಪಿಕ್ಸೆಲ್ ಪ್ರಮಾಣದ ಅರ್ಧಕ್ಕಿಂತ ಕಡಿಮೆ ಇದ್ದರೆ, ನನ್ನ ಉಪಕರಣದಲ್ಲಿ 0.8 ಆರ್ಕ್ ಸೆಕೆಂಡ್ ಇದ್ದರೆ, ಅಲ್ಲಿಗೆ ನಿಲ್ಲಿಸಿ ಬೇರೆ ಕೆಲಸ ನೋಡುವುದು ಒಳ್ಳೆಯದು. ಅದನ್ನು 0.5ಕ್ಕೆ ಇಳಿಸಿದ್ದರಿಂದ ಚಿತ್ರದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವೇನೂ ಆಗದು.

ಮೌಂಟಿನ ಧ್ರುವಾಕ್ಷವನ್ನು ಆಕಾಶದ ಧ್ರುವದತ್ತ ಹೊಂದಿಸುವ ಕೆಲಸದಲ್ಲಿ ನಮ್ಮ ಅಕ್ಷಾಂಶದ ತೊಡಕುಗಳು ಬೇರೆಯೇ ಇವೆ. ಯೂರೋಪು ಅಮೆರಿಕಗಳ ಹವ್ಯಾಸಿಗಳು ಸಿದ್ಧಪಡಿಸುವ ಕೈಪಿಡಿಗಳಲ್ಲಿ ಅವುಗಳ ಪ್ರಸ್ತಾಪ ಸಿಗುವುದು ಅಪರೂಪ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ಕ್ಷಿತಿಜದಿಂದ ಕೇವಲ 13 ಡಿಗ್ರಿ ಎತ್ತರದಲ್ಲಿರುತ್ತದೆ. ಮಂಗಳೂರಿನಲ್ಲೂ ಹೆಚ್ಚುಕಡಿಮೆ ಅಷ್ಟೇ; ಬೀದರಿಗೆ ಹೋದರೆ 18 ಡಿಗ್ರಿ ಸಿಗುತ್ತದೆ. ಪಕ್ಕದ ಮನೆಯ ನೀರಿನ ತೊಟ್ಟಿ, ಒಂದು ತೆಂಗಿನ ಮರ ಅಥವಾ ಉತ್ತರ ದಿಕ್ಕಿನ ಮಬ್ಬು, ಇವುಗಳಲ್ಲಿ ಯಾವುದಾದರೂ ಒಂದು ಅದನ್ನು ಮರೆಮಾಡಲು ಸಾಕು. ಮೌಂಟಿನೊಳಗಿನ ಧ್ರುವದರ್ಶಕದ ಮೂಲಕ ನೋಡಬೇಕಾದರೆ ನೆಲದ ಮೇಲೆ ಬಹುಮಟ್ಟಿಗೆ ಮಲಗಬೇಕಾಗುತ್ತದೆ. ಜೊತೆಗೆ, ಧ್ರುವಾಕ್ಷ ಬಹುತೇಕ ಅಡ್ಡಲಾಗಿ ಇರುವುದರಿಂದ ಪ್ರತಿಭಾರದ ದಂಡ ಕೆಲವು ಭಂಗಿಗಳಲ್ಲಿ ಮುಕ್ಕಾಲಿಯ ಕಾಲಿಗೋ ಎತ್ತರ ಹೊಂದಿಸುವ ತಿರುಪಿಗೋ ತಗಲುತ್ತದೆ. ಮುಕ್ಕಾಲಿಗೂ ಮೌಂಟಿನ ತಲೆಗೂ ನಡುವೆ ಒಂದು ಗಿಡ್ಡ ಕಂಬವನ್ನು ಸೇರಿಸಿದರೆ ಈ ತೊಂದರೆ ಬಹುಪಾಲು ನೀಗುತ್ತದೆ. ಕೊಳ್ಳುವ ಮುನ್ನವೇ ಆ ಮೌಂಟಿನ ಅಕ್ಷಾಂಶ ವ್ಯಾಪ್ತಿ ಎಷ್ಟು ಡಿಗ್ರಿಯಿಂದ ಆರಂಭವಾಗುತ್ತದೆ ಎಂದು ನೋಡಿಕೊಳ್ಳಬೇಕು. ಕೆಲವು ಮಾದರಿಗಳು ನಮ್ಮ 13 ಡಿಗ್ರಿಗೆ ಇಳಿಯುವುದೇ ಇಲ್ಲ, ಇಳಿದರೂ ಅಂಚಿನಲ್ಲಿ ಅಲುಗಾಡುತ್ತವೆ.

ಧ್ರುವ ನಕ್ಷತ್ರ ಕಾಣದಿದ್ದರೂ ಈಗ ಚಿಂತೆಯಿಲ್ಲ. ಕ್ಯಾಮೆರಾವನ್ನೂ ಮೌಂಟನ್ನೂ ನಿಯಂತ್ರಿಸುವ ನೀನಾ ತಂತ್ರಾಂಶದ ಮೂರು ಬಿಂದುಗಳ ಧ್ರುವ ಹೊಂದಾಣಿಕೆಯ ಪ್ಲಗಿನ್ ಆಗಲಿ, ಕೆಸ್ಟಾರ್ಸ್ ತಂತ್ರಾಂಶದ ಜೊತೆ ಬರುವ ಎಕೋಸ್ ಆಗಲಿ, ಆಕಾಶದ ಯಾವುದೇ ಭಾಗದಲ್ಲಿ ಮೂರು ಚಿತ್ರಗಳನ್ನು ತೆಗೆದು, ನಕ್ಷತ್ರಪಟ್ಟಿಯೊಂದಿಗೆ ಹೋಲಿಸಿ, ಅಕ್ಷ ಎಷ್ಟು ತಪ್ಪಿದೆ ಎಂದು ಹೇಳುತ್ತವೆ. ಇಷ್ಟು ಕೆಳಗೆ ವಾತಾವರಣದ ವಕ್ರೀಭವನ ಧ್ರುವವನ್ನು ಸುಮಾರು 4 ಆರ್ಕ್ ಮಿನಿಟ್ (ಒಂದು ಆರ್ಕ್ ಮಿನಿಟ್ ಎಂದರೆ 60 ಆರ್ಕ್ ಸೆಕೆಂಡ್) ಮೇಲಕ್ಕೆ ಎತ್ತಿ ತೋರಿಸುವುದರಿಂದ, ಅದನ್ನು ಸರಿದೂಗಿಸುವ ಆಯ್ಕೆ ತಂತ್ರಾಂಶದಲ್ಲಿದ್ದರೆ ಬಳಸಿಕೊಳ್ಳಬೇಕು. ಹಾಗೆಂದು ಸೊನ್ನೆ ಬರುವವರೆಗೆ ತಿರುಪುಗಳನ್ನು ತಿರುಗಿಸುತ್ತಾ ಕತ್ತಲಿನ ಅಮೂಲ್ಯ ಅರ್ಧ ಗಂಟೆಯನ್ನು ಕಳೆಯುವುದರಲ್ಲಿ ಅರ್ಥವಿಲ್ಲ. ಅಕ್ಷ 3 ಆರ್ಕ್ ಮಿನಿಟ್ ತಪ್ಪಿದ್ದರೆ ನಕ್ಷತ್ರಗಳು ಗಂಟೆಗೆ ಹೆಚ್ಚೆಂದರೆ 47 ಆರ್ಕ್ ಸೆಕೆಂಡ್ ಸರಿಯುತ್ತವೆ, ಗೈಡಿಂಗ್ ಅದನ್ನು ಅನಾಯಾಸವಾಗಿ ನುಂಗಿಕೊಳ್ಳುತ್ತದೆ. ಐದು ನಿಮಿಷಗಳ ಎಕ್ಸ್‌ಪೋಷರಿನಲ್ಲಿ ಚೌಕಟ್ಟಿನ ತಿರುಗುವಿಕೆಯಿಂದ ಎಪಿಎಸ್-ಸಿ ಸೆನ್ಸರಿನ ಮೂಲೆಯಲ್ಲೂ ಆಗುವ ವ್ಯತ್ಯಾಸ, ಧ್ರುವದ ಆಸುಪಾಸನ್ನು ಬಿಟ್ಟರೆ, ಒಂದು ಪಿಕ್ಸೆಲಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಅಗ್ಗದ ಮೌಂಟುಗಳಲ್ಲಿ ಡಿಕ್ಲಿನೇಷನ್ (ಉತ್ತರ-ದಕ್ಷಿಣ ಚಲನೆಯ) ಗೇರಿನ ಸಡಿಲ ಹೆಚ್ಚಿರುವಾಗ ಇಂಥ ಸಣ್ಣ ತಪ್ಪು ಉಪಕಾರವನ್ನೇ ಮಾಡುತ್ತದೆ: ನಕ್ಷತ್ರ ಒಂದೇ ದಿಕ್ಕಿಗೆ ಸರಿಯುವುದರಿಂದ ತಿದ್ದುಪಡಿಯನ್ನೂ ಒಂದೇ ದಿಕ್ಕಿಗೆ ಸೀಮಿತಗೊಳಿಸಬಹುದು, ಗೇರು ಅತ್ತಿತ್ತ ತೂಗಾಡುವುದು ತಪ್ಪುತ್ತದೆ.

ಮೌಂಟು ಇಷ್ಟರ ಮಟ್ಟಿಗೆ ಸರಿಹೋದ ಮೇಲೆ ಉಳಿಯುವ ಎದುರಾಳಿ ಆಕಾಶದ ಹೊಳಪು. ಈ ಹವ್ಯಾಸದ ಅತ್ಯಂತ ಕಠೋರವಾದ ಲೆಕ್ಕ ಇಲ್ಲಿದೆ. ಕಾಂತಿಮಾನ ಎಂಬ ಅಳತೆಯಲ್ಲಿ ಅಂಕ ಹೆಚ್ಚಿದಷ್ಟೂ ಹೊಳಪು ಕಡಿಮೆ; ಅದರ ಒಂದು ಹಂತ ಎಂದರೆ ಹೊಳಪಿನಲ್ಲಿ 2.512 ಪಟ್ಟು. ದೊಡ್ಡ ಊರಿನ ನೆತ್ತಿಯ ಆಕಾಶ ಚದರ ಆರ್ಕ್ ಸೆಕೆಂಡಿಗೆ 18ನೆಯ ಕಾಂತಿಮಾನದ್ದಾಗಿದ್ದು, ಕತ್ತಲೆಯ ಹಳ್ಳಿಯೊಂದರಲ್ಲಿ ಅದು 21 ಇದ್ದರೆ, ಊರಿನ ಹಿನ್ನೆಲೆ 16 ಪಟ್ಟು ಹೆಚ್ಚು ಬೆಳಗುತ್ತಿದೆ ಎಂದರ್ಥ. ಮಂದವಾದ ಗೆಲಾಕ್ಸಿಯೊಂದರ ಸಿಗ್ನಲ್ ಕಾಲಕ್ಕೆ ಅನುಗುಣವಾಗಿ ಬೆಳೆದರೆ, ಹಿನ್ನೆಲೆಯ ನಾಯ್ಸ್ (ಅಡ್ಡಾದಿಡ್ಡಿ ಏರಿಳಿತ) ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. ಆದ್ದರಿಂದ ಹಳ್ಳಿಯ ಒಂದು ಗಂಟೆಯ ಫಲಿತಾಂಶವನ್ನು ಊರಿನಲ್ಲಿ ಪಡೆಯಲು 16 ಗಂಟೆಗಳು ಬೇಕು. ಯಾವ ಮಸೂರವೂ, ಯಾವ ಕ್ಯಾಮೆರಾವೂ ಈ ಅಂತರವನ್ನು ತುಂಬಲಾರದು. ಗೆಲಾಕ್ಸಿಗಳು, ಕೃತ್ತಿಕೆಯ ಸುತ್ತಲಿನ ಪ್ರತಿಫಲನ ನೀಹಾರಿಕೆ, ಕಪ್ಪು ಧೂಳಿನ ಮೋಡಗಳು ಇವೆಲ್ಲ ಇಡೀ ವರ್ಣಪಟಲದಲ್ಲಿ ಬೆಳಗುವ ಅಥವಾ ಅದನ್ನು ಮರೆಮಾಡುವ ಕಾಯಗಳಾದ್ದರಿಂದ, ಇವುಗಳಿಗಾಗಿ ಕಾರಿಗೆ ಪೆಟ್ರೋಲ್ ಹಾಕುವುದು ಹೊಸ ಫಿಲ್ಟರಿಗೆ ಹಣ ಹಾಕುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಹಿಂದೆ ಬೀದಿಗಳಲ್ಲಿ ಸೋಡಿಯಂ ದೀಪಗಳಿದ್ದಾಗ ಅವುಗಳ ಹಳದಿ ಬೆಳಕನ್ನಷ್ಟೇ ತಡೆಯುವ ಫಿಲ್ಟರುಗಳು ಸ್ವಲ್ಪ ಕೆಲಸ ಮಾಡುತ್ತಿದ್ದವು. ಬಿಳಿ ಎಲ್‌ಇಡಿ ದೀಪಗಳು ವರ್ಣಪಟಲದ ಉದ್ದಕ್ಕೂ ಹರಡಿಕೊಂಡಿರುವುದರಿಂದ ಆ ಫಿಲ್ಟರುಗಳ ಕಾಲ ಮುಗಿಯಿತು.

ಸ್ಥಳವನ್ನು ಆರಿಸುವಾಗ ನಕ್ಷೆಯಲ್ಲಿ ಕಾಣುವ ಕತ್ತಲೆಯೊಂದನ್ನೇ ನೋಡುವುದು ಸಾಲದು. ಮಲೆನಾಡು ಕತ್ತಲೆಯಾಗಿರುತ್ತದೆ, ನಿಜ. ಆದರೆ ತೇವ ಹೆಚ್ಚು, ಇಬ್ಬನಿ ಬೇಗ ಕೂರುತ್ತದೆ, ಬೆಟ್ಟದ ತುದಿಗಳಲ್ಲಿ ಗಾಳಿಯೂ ಜೋರು. ಬಯಲುಸೀಮೆಯ ಒಣ ಹವೆಯ ರಾತ್ರಿಗಳು, ಆಕಾಶ ಸ್ವಲ್ಪ ಕಡಿಮೆ ಕಪ್ಪಾಗಿದ್ದರೂ, ಒಟ್ಟಾರೆ ನನಗೆ ಹೆಚ್ಚು ಉಪಯುಕ್ತ ಗಂಟೆಗಳನ್ನು ಕೊಟ್ಟಿವೆ. ಅತ್ಯುತ್ತಮವಾದದ್ದನ್ನು ಬಯಸುವವರಿಗೆ ಲಡಾಖಿನ ಹಾನ್ಲೆ ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಅಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿದ್ದು, ಅಲ್ಲಿನ 2 ಮೀಟರ್ ದೂರದರ್ಶಕವನ್ನು ಹೊಸಕೋಟೆಯಿಂದ ನಿಯಂತ್ರಿಸುತ್ತಾರೆ. 2022ರಲ್ಲಿ ಆ ಪ್ರದೇಶವನ್ನು ಕತ್ತಲೆ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಆದರೆ ವರ್ಷಕ್ಕೊಮ್ಮೆ ಹಾನ್ಲೆಗೆ ಹೋಗುವುದಕ್ಕಿಂತ ಎರಡು ಗಂಟೆಯ ಪ್ರಯಾಣದಲ್ಲಿ ಸಿಗುವ ಸಾಧಾರಣ ಕತ್ತಲೆಗೆ ಪ್ರತಿ ಅಮಾವಾಸ್ಯೆಗೂ ಹೋಗುವುದು ಲೆಕ್ಕದಲ್ಲಿ ಗೆಲ್ಲುತ್ತದೆ.

ತಾರಸಿಯಿಂದಲೇ ಮಾಡಬೇಕೆಂದರೆ, ವರ್ಣಪಟಲದ ಕಿರಿದಾದ ಪಟ್ಟಿಯನ್ನಷ್ಟೇ ಬಿಡುವ ನ್ಯಾರೋಬ್ಯಾಂಡ್ ಫಿಲ್ಟರುಗಳೇ ದಾರಿ. ಅಯಾನೀಕೃತ ಅನಿಲದ ನೀಹಾರಿಕೆಗಳು ತಮ್ಮ ಬೆಳಕಿನ ದೊಡ್ಡ ಭಾಗವನ್ನು ಕೆಲವೇ ಗೆರೆಗಳಲ್ಲಿ ಹೊರಸೂಸುತ್ತವೆ: ಹೈಡ್ರೋಜನ್ ಆಲ್ಫಾ 656.3 ನ್ಯಾನೊಮೀಟರಿನಲ್ಲಿ, ಎರಡು ಬಾರಿ ಅಯಾನೀಕೃತವಾದ ಆಕ್ಸಿಜನ್ 500.7ರಲ್ಲಿ, ಗಂಧಕದ ಜೋಡಿ 671.6 ಮತ್ತು 673.1ರಲ್ಲಿ. ಬಣ್ಣದ ಕ್ಯಾಮೆರಾದ ಕೆಂಪು ಪಿಕ್ಸೆಲ್ ಸುಮಾರು 100 ನ್ಯಾನೊಮೀಟರ್ ಅಗಲದ ಪಟ್ಟಿಯನ್ನು ಸ್ವೀಕರಿಸುತ್ತದೆ. ಅದರ ಮುಂದೆ 3 ನ್ಯಾನೊಮೀಟರ್ ಅಗಲದ ಫಿಲ್ಟರ್ ಇಟ್ಟರೆ ಊರಿನ ಬೆಳಕು ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಹೈಡ್ರೋಜನ್ನಿನ ಬೆಳಕು ಮಾತ್ರ ಹೆಚ್ಚುಕಡಿಮೆ ಪೂರ್ತಿಯಾಗಿ ದಾಟಿಬರುತ್ತದೆ. ಹೈಡ್ರೋಜನ್ ಮತ್ತು ಆಕ್ಸಿಜನ್ ಎರಡನ್ನೂ ಒಟ್ಟಿಗೆ ಬಿಡುವ ಜೋಡಿ ಫಿಲ್ಟರ್ ಬಣ್ಣದ ಕ್ಯಾಮೆರಾ ಇದ್ದವರಿಗೆ ಅತ್ಯಂತ ಸಾರ್ಥಕವಾದ ಖರ್ಚು. ಬೆಳದಿಂಗಳಿನಲ್ಲೂ ಹೈಡ್ರೋಜನ್ ಬಹುಮಟ್ಟಿಗೆ ಕೆಡುವುದಿಲ್ಲ. ಆದರೆ ವಾತಾವರಣದಲ್ಲಿ ಚದುರಿದ ಚಂದ್ರನ ಬೆಳಕು ನೀಲಿ ಹಸಿರಿನ ಕಡೆಗೆ ಹೆಚ್ಚು ವಾಲುವುದರಿಂದ ಆಕ್ಸಿಜನ್ ಗೆರೆಗೆ ಕತ್ತಲೆಯ ರಾತ್ರಿಗಳನ್ನೇ ಮೀಸಲಿಡಬೇಕು.

ಸಣ್ಣ ದೂರದರ್ಶಕ ಮತ್ತು ಇಂಥ ಫಿಲ್ಟರ್ ಎಲ್ಲಿಯವರೆಗೆ ಹೋಗಬಲ್ಲವು ಎಂಬುದಕ್ಕೆ ಒಂದು ಉದಾಹರಣೆಯನ್ನು ಹೇಳದೆ ಮುಂದುವರಿಯಲಾರೆ. ಫ್ರಾನ್ಸಿನ ಹವ್ಯಾಸಿ ಯಾನ್ ಸೇಂಟಿ 2022ರಲ್ಲಿ 106 ಮಿಲಿಮೀಟರ್ ವ್ಯಾಸದ ರಿಫ್ರಾಕ್ಟರಿನಿಂದ ಆಕ್ಸಿಜನ್ ಗೆರೆಯಲ್ಲಿ ದೇವಯಾನಿ ಗೆಲಾಕ್ಸಿಯ ಚಿತ್ರ ತೆಗೆದಾಗ, ಅದರ ಪಕ್ಕದಲ್ಲಿ ಒಂದು ಡಿಗ್ರಿಗೂ ಹೆಚ್ಚು ಉದ್ದದ ಮಸುಕಾದ ಕಮಾನು ಕಂಡಿತು. ಮಾರ್ಸೆಲ್ ಡ್ರೆಕ್ಸ್‌ಲರ್ ಮತ್ತು ಝೇವಿಯರ್ ಸ್ಟ್ರಾಟ್ನರ್ ಎಂಬ ಹವ್ಯಾಸಿಗಳು ಹಾಗೂ ವೃತ್ತಿಪರ ಖಗೋಳಜ್ಞರ ಜೊತೆಗೂಡಿ ಅದನ್ನು ಪರಿಶೀಲಿಸಿ, 2023ರ ಆರಂಭದಲ್ಲಿ ಪ್ರಕಟಿಸಿದರು. ಜಗತ್ತಿನಲ್ಲಿ ಅತಿ ಹೆಚ್ಚು ಬಾರಿ ಚಿತ್ರಿತವಾದ ಗೆಲಾಕ್ಸಿಗಳಲ್ಲಿ ಒಂದಾದ ಅದರ ಪಕ್ಕದಲ್ಲಿ ಆ ಕಮಾನು ಅಷ್ಟು ಕಾಲ ಯಾರಿಗೂ ಕಾಣದೆ ಉಳಿದದ್ದಕ್ಕೆ ಕಾರಣ ಸರಳವಾದದ್ದು: ದೊಡ್ಡ ದೂರದರ್ಶಕಗಳ ನೋಟ ಇಕ್ಕಟ್ಟಾದದ್ದು, ಅಷ್ಟು ಅಗಲದ ಆಕಾಶವನ್ನು ಆ ಒಂದು ಗೆರೆಯಲ್ಲಿ ಅಷ್ಟು ಹೊತ್ತು ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ.

ಪ್ರತಿಯೊಂದು ಎಕ್ಸ್‌ಪೋಷರ್ ಎಷ್ಟು ಉದ್ದವಿರಬೇಕೆಂಬ ಪ್ರಶ್ನೆಗೆ ‘ಐದು ನಿಮಿಷ’ ಎಂಬ ಸಿದ್ಧ ಉತ್ತರವನ್ನು ಎಲ್ಲರೂ ಹೇಳುತ್ತಾರೆ. ಅದು ಹಳೆಯ ಸಿಸಿಡಿ ಕ್ಯಾಮೆರಾಗಳ ಕಾಲದ ಉತ್ತರ. ಈಗಿನ ಸೀಮಾಸ್ ಸೆನ್ಸರುಗಳ ರೀಡ್ ನಾಯ್ಸ್, ಅಂದರೆ ಪ್ರತಿ ಚಿತ್ರವನ್ನು ಓದಿಕೊಳ್ಳುವಾಗ ಸೆನ್ಸರೇ ಸೇರಿಸುವ ಏರಿಳಿತ, ಬಹಳ ಕಡಿಮೆ. ನನ್ನ ಕ್ಯಾಮೆರಾದಲ್ಲಿ ಗೇನ್ (ಸಿಗ್ನಲನ್ನು ವರ್ಧಿಸುವ ಮಟ್ಟ) 100 ಇಟ್ಟಾಗ ಸುಮಾರು ಒಂದೂವರೆ ಎಲೆಕ್ಟ್ರಾನ್. ಆಕಾಶದ ಹಿನ್ನೆಲೆಯ ಎಲೆಕ್ಟ್ರಾನುಗಳ ಸಂಖ್ಯೆ ಈ ನಾಯ್ಸಿನ ವರ್ಗದ ಹತ್ತು ಪಟ್ಟು ಆಗುವಷ್ಟು ಹೊತ್ತು ತೆರೆದಿಟ್ಟರೆ, ಆಮೇಲೆ ಉದ್ದ ಹೆಚ್ಚಿಸಿದ್ದರಿಂದ ಸಿಗುವ ಲಾಭ ಶೇಕಡಾ ಐದನ್ನು ಮೀರುವುದಿಲ್ಲ. ಒಂದೂವರೆಯ ವರ್ಗ 2.25, ಅದರ ಹತ್ತು ಪಟ್ಟು ಸುಮಾರು 22 ಎಲೆಕ್ಟ್ರಾನ್. ಇದನ್ನು ಅಳೆಯುವುದು ಸುಲಭ. ಒಂದು ಚಿತ್ರದ ಹಿನ್ನೆಲೆಯ ಮಧ್ಯಮ ಮೌಲ್ಯದಿಂದ ಬಯಾಸ್ ಚಿತ್ರದ (ಬೆಳಕು ಬೀಳದಂತೆ, ಅತಿ ಕಡಿಮೆ ಹೊತ್ತು ತೆಗೆದದ್ದು) ಮಧ್ಯಮ ಮೌಲ್ಯವನ್ನು ಕಳೆದು ಗೇನಿನ ಲೆಕ್ಕದಲ್ಲಿ ಎಲೆಕ್ಟ್ರಾನಿಗೆ ಪರಿವರ್ತಿಸಬೇಕು. ಗೇನ್ 100ರಲ್ಲಿ ಒಂದು ಎಣಿಕೆ ಹೆಚ್ಚುಕಡಿಮೆ ಒಂದು ಎಲೆಕ್ಟ್ರಾನ್. ಇಲ್ಲಿ ಎಚ್ಚರವಿರಬೇಕಾದದ್ದು ಒಂದೇ: ಈ ಸೆನ್ಸರ್ 14 ಬಿಟ್ಟಿನದಾದರೂ ಕಡತದಲ್ಲಿ ಮೌಲ್ಯಗಳನ್ನು ನಾಲ್ಕರಿಂದ ಗುಣಿಸಿ 16 ಬಿಟ್ಟಿಗೆ ಹಿಗ್ಗಿಸಿರುತ್ತಾರೆ, ಆದ್ದರಿಂದ ಬಂದ ವ್ಯತ್ಯಾಸವನ್ನು ನಾಲ್ಕರಿಂದ ಭಾಗಿಸಬೇಕು. ಅಂದರೆ ತೆರೆಯ ಮೇಲೆ ಸುಮಾರು 90 ಎಣಿಕೆಗಳ ವ್ಯತ್ಯಾಸ ಕಂಡರೆ ಸಾಕು. ಫಿಲ್ಟರಿಲ್ಲದೆ ಊರಿನ ಆಕಾಶದಲ್ಲಿ ಇದು ಅರ್ಧ ನಿಮಿಷದೊಳಗೇ ಆಗಿಹೋಗುತ್ತದೆ. 3 ನ್ಯಾನೊಮೀಟರ್ ಫಿಲ್ಟರಿನಲ್ಲಿ ಕೆಲವು ನಿಮಿಷಗಳು ಬೇಕು. ಎಕ್ಸ್‌ಪೋಷರ್ ಚಿಕ್ಕದಾದಷ್ಟೂ ವಿಮಾನ, ಉಪಗ್ರಹ, ಗಾಳಿಯ ಹೊಡೆತಗಳಿಂದ ಕಳೆದುಕೊಳ್ಳುವುದು ಕಡಿಮೆ, ನಕ್ಷತ್ರಗಳ ಬಣ್ಣವೂ ಉಳಿಯುತ್ತದೆ. ಒಟ್ಟು ಸಮಯಕ್ಕೆ ಮಾತ್ರ ರಿಯಾಯಿತಿಯಿಲ್ಲ: ಸಿಗ್ನಲ್ ಮತ್ತು ನಾಯ್ಸಿನ ಅನುಪಾತವನ್ನು ದ್ವಿಗುಣಗೊಳಿಸಲು ನಾಲ್ಕು ಪಟ್ಟು ಗಂಟೆಗಳು ಬೇಕೇ ಬೇಕು. ಒಂದೇ ರಾತ್ರಿ ನಾಲ್ಕು ಕಾಯಗಳಿಗೆ ಒಂದೊಂದು ಗಂಟೆ ಹಂಚುವ ಅಭ್ಯಾಸವನ್ನು ಬಿಟ್ಟು, ಒಂದೇ ಕಾಯಕ್ಕೆ ಹಲವು ರಾತ್ರಿಗಳನ್ನು ಕೊಡುವವರ ಚಿತ್ರಗಳು ಎದ್ದು ಕಾಣುವುದು ಈ ಕಾರಣಕ್ಕೇ.

ಫೋಕಸ್ ಬಗ್ಗೆ ಜನ ತೋರುವ ಉದಾಸೀನ ನನಗೆ ಅರ್ಥವಾಗದ ಸಂಗತಿ. ರೆಡ್ಯೂಸರ್ ಸಹಿತ ನನ್ನ ದೂರದರ್ಶಕ ಎಫ್/4.8 (ಸಂಗಮದೂರ ವ್ಯಾಸದ 4.8 ಪಟ್ಟು), ಅದರಲ್ಲಿ ಸರಿಯಾದ ಫೋಕಸಿನ ವಲಯದ ಒಟ್ಟು ದಪ್ಪ ಹಸಿರು ಬೆಳಕಿಗೆ ಸುಮಾರು 60 ಮೈಕ್ರಾನ್. ಅಲ್ಯೂಮಿನಿಯಮಿನ 400 ಮಿಲಿಮೀಟರ್ ಕೊಳವೆ ಉಷ್ಣತೆ ಒಂದು ಡಿಗ್ರಿ ಇಳಿದಾಗ 9 ಮೈಕ್ರಾನಿನಷ್ಟು ಕುಗ್ಗುತ್ತದೆ. ಸಂಜೆ ಏಳಕ್ಕೆ 26 ಡಿಗ್ರಿ ಇದ್ದದ್ದು ನಡುರಾತ್ರಿಗೆ 20ಕ್ಕೆ ಇಳಿದರೆ, ಆರಂಭದಲ್ಲಿ ಎಷ್ಟೇ ನಿಖರವಾಗಿ ಹೊಂದಿಸಿದ್ದರೂ ಚಿತ್ರ ವಲಯದಿಂದ ಹೊರಬಿದ್ದಿರುತ್ತದೆ. ರಷ್ಯಾದ ಹವ್ಯಾಸಿ ಪಾವೆಲ್ ಬಖ್ತಿನೋವ್ 2005ರಲ್ಲಿ ರೂಪಿಸಿದ, ಫೋಕಸ್ ಸರಿಯಾಗಿದೆಯೇ ಎಂದು ತೋರಿಸುವ ಸೀಳುಗಳ ಮುಖವಾಡ ಕೆಲವು ನೂರು ರೂಪಾಯಿಗಳಿಗೆ ಸಿಗುತ್ತದೆ. ಗಂಟೆಗೊಮ್ಮೆ ಅದನ್ನು ಹಾಕಿ ನೋಡುವ ಶಿಸ್ತು ಇದ್ದರೆ ವಿದ್ಯುತ್ ಫೋಕಸರ್ ಇಲ್ಲದೆಯೂ ನಡೆಯುತ್ತದೆ. ಆದರೂ ಮೌಂಟಿನ ನಂತರ ಯಾವುದಕ್ಕೆ ಹಣ ಹಾಕಬೇಕೆಂದು ಕೇಳಿದರೆ ನನ್ನ ಉತ್ತರ ವಿದ್ಯುತ್ ಫೋಕಸರ್ ಎಂದೇ. ಅಂಚಿನ ನಕ್ಷತ್ರಗಳನ್ನು ಸರಿಪಡಿಸುವ ಫ್ಲ್ಯಾಟನರ್ ಮಸೂರ ಅಥವಾ ರೆಡ್ಯೂಸರಿನಿಂದ ಸೆನ್ಸರಿಗೆ ಸಾಮಾನ್ಯವಾಗಿ ಇರಬೇಕಾದ 55 ಮಿಲಿಮೀಟರ್ ಅಂತರವನ್ನೂ ಪರೀಕ್ಷಿಸಿಕೊಳ್ಳಬೇಕು. ನಡುವೆ 2 ಮಿಲಿಮೀಟರ್ ದಪ್ಪದ ಫಿಲ್ಟರ್ ಬಂದರೆ ಅದಕ್ಕೆ ದಪ್ಪದ ಮೂರನೇ ಒಂದು ಭಾಗವನ್ನು, ಅಂದರೆ ಸುಮಾರು 0.7 ಮಿಲಿಮೀಟರನ್ನು ಸೇರಿಸಬೇಕು. ಮೂಲೆಗಳ ನಕ್ಷತ್ರಗಳು ಉದ್ದವಾಗಿ ಕಂಡಾಗ ಜನ ಮಸೂರವನ್ನು ಬಯ್ಯುತ್ತಾರೆ. ಎಷ್ಟೋ ಸಲ ಅದು ಒಂದು ತೆಳುವಾದ ಉಂಗುರದಿಂದ ಸರಿಹೋಗುವ ದೋಷ.

ದೂರದರ್ಶಕವನ್ನು ಮುಚ್ಚಿ ತೆಗೆಯುವ ಡಾರ್ಕ್ ಮತ್ತು ಸಮನಾದ ಬೆಳಕಿನ ಎದುರು ತೆಗೆಯುವ ಫ್ಲಾಟ್ ಎಂಬ ತಿದ್ದುಪಡಿ ಚಿತ್ರಗಳಲ್ಲಿ ಫ್ಲಾಟಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಊರಿನ ಆಕಾಶದ ಹಿನ್ನೆಲೆ ಎಷ್ಟು ಪ್ರಬಲವೆಂದರೆ, ಅಂಚುಗಳ ಮಬ್ಬು ಮತ್ತು ಧೂಳಿನ ಉಂಗುರಗಳು ಶೇಕಡಾ ಒಂದರಷ್ಟು ಉಳಿದುಕೊಂಡರೂ ನೀಹಾರಿಕೆಯ ಮಂದ ಭಾಗ ಅವುಗಳ ಕೆಳಗೆ ಹೂತುಹೋಗುತ್ತದೆ. ಕ್ಯಾಮೆರಾವನ್ನು ತಿರುಗಿಸದೆ, ಫೋಕಸ್ ಬದಲಿಸದೆ, ಅದೇ ರಾತ್ರಿಯ ಕೊನೆಗೆ ಫ್ಲಾಟ್ ತೆಗೆಯಬೇಕು. ಬೆಳಕಿನ ಫಲಕ ಮಿನುಗುವುದರಿಂದ ಆಗುವ ಪಟ್ಟೆಗಳನ್ನು ತಪ್ಪಿಸಲು ಎಕ್ಸ್‌ಪೋಷರ್ ಒಂದೆರಡು ಸೆಕೆಂಡುಗಳಷ್ಟಾದರೂ ಇರುವಂತೆ ಫಲಕದ ಹೊಳಪನ್ನು ತಗ್ಗಿಸಿಕೊಳ್ಳಬೇಕು. ಡಾರ್ಕ್ ಚಿತ್ರಗಳಿಗೆ ಉಷ್ಣತೆಯೊಂದೇ ಮುಖ್ಯ. ತಂಪುಗೊಳಿಸುವ ವ್ಯವಸ್ಥೆ ಹೊರಗಿನ ಉಷ್ಣತೆಗಿಂತ ಸುಮಾರು 35 ಡಿಗ್ರಿ ಕೆಳಗೆ ಇಳಿಸಬಲ್ಲದು. ಆದರೆ ಏಪ್ರಿಲಿನ ರಾತ್ರಿ 28 ಡಿಗ್ರಿ ಇರುವಾಗ ಅದನ್ನು ಮೈನಸ್ 10ಕ್ಕೆ ಒತ್ತಾಯಿಸಿದರೆ ಪೂರ್ತಿ ಶಕ್ತಿಯಲ್ಲಿ ಓಡಿಯೂ ಉಷ್ಣತೆ ಸ್ಥಿರವಾಗಿ ನಿಲ್ಲದು. ವರ್ಷವಿಡೀ ತಲುಪಬಹುದಾದ ಸೊನ್ನೆ ಡಿಗ್ರಿಯನ್ನು ಆರಿಸಿಕೊಂಡು, ಅದಕ್ಕೊಂದು ಡಾರ್ಕ್ ಸಂಗ್ರಹವನ್ನು ಮಾಡಿಟ್ಟುಕೊಂಡರೆ ಅಷ್ಟೇ ಸಾಕು. ಊರಿನ ಆಕಾಶದ ಎದುರು ಈ ಸೆನ್ಸರುಗಳ ಡಾರ್ಕ್ ಕರೆಂಟ್ (ಶಾಖದಿಂದ ಹುಟ್ಟುವ ಎಲೆಕ್ಟ್ರಾನುಗಳು) ಗಣನೆಗೇ ಬಾರದು. ಪ್ರತಿ ಕೆಲವು ಚಿತ್ರಗಳಿಗೊಮ್ಮೆ ದೂರದರ್ಶಕವನ್ನು ಹತ್ತಾರು ಪಿಕ್ಸೆಲುಗಳಷ್ಟು ಅತ್ತಿತ್ತ ಸರಿಸುವ ಡಿದರಿಂಗನ್ನು ಮಾತ್ರ ಬಿಡಬಾರದು.

ಕಾಯಗಳ ಆಯ್ಕೆಯಲ್ಲಿ ನಮ್ಮ ಅಕ್ಷಾಂಶ ಕೊಡುವ ಲಾಭಗಳನ್ನು ನಾವು ಪೂರ್ತಿಯಾಗಿ ಬಳಸಿಕೊಳ್ಳುತ್ತಿಲ್ಲ. ಧ್ರುವ ಹೊಂದಾಣಿಕೆಯಲ್ಲಿ ಕಾಡುವ ಅದೇ 13 ಡಿಗ್ರಿ, ದಕ್ಷಿಣದ ಆಕಾಶವನ್ನು ನಮಗೆ ತೆರೆದಿಡುತ್ತದೆ. ಕಿನ್ನರ ರಾಶಿಯ ಒಮೆಗಾ ಸೆಂಟಾರಿ ಗೋಳಗುಚ್ಛ ಯಾಮ್ಯೋತ್ತರವನ್ನು (ನೆತ್ತಿಯ ಮೂಲಕ ಹಾಯುವ ಉತ್ತರ-ದಕ್ಷಿಣ ರೇಖೆ) ದಾಟುವಾಗ ಸುಮಾರು 30 ಡಿಗ್ರಿ ಎತ್ತರಕ್ಕೆ ಬರುತ್ತದೆ. ಕರೀನಾ ನೀಹಾರಿಕೆ ಮಾರ್ಚ್ ಮೊದಲ ವಾರದ ನಡುರಾತ್ರಿ 17 ಡಿಗ್ರಿ ಎತ್ತರದಲ್ಲಿರುತ್ತದೆ. ಅಷ್ಟು ಕೆಳಗೆ ನೆತ್ತಿಯಲ್ಲಿರುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಗಾಳಿಯನ್ನು ದಾಟಿ ಬೆಳಕು ಬರಬೇಕು, ನಿಜ; ಆದರೆ ಅದು ಎಷ್ಟು ಪ್ರಕಾಶಮಾನವೆಂದರೆ, ದಕ್ಷಿಣ ದಿಗಂತ ತೆರೆದಿರುವ ಕಡೆ ಹೈಡ್ರೋಜನ್ ಫಿಲ್ಟರಿನಲ್ಲಿ ಒಂದೇ ರಾತ್ರಿ ಸಾಕಷ್ಟು ದೊರೆಯುತ್ತದೆ. ಬ್ರಿಟನ್ನಿನ ಹವ್ಯಾಸಿಗೆ ಇವೆರಡೂ ಎಂದೂ ಕಾಣವು. ಅದೇ ಹೊತ್ತಿಗೆ ದೇವಯಾನಿ ಗೆಲಾಕ್ಸಿ ನಮಗೆ ನವೆಂಬರ್ ಮಧ್ಯದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ 62 ಡಿಗ್ರಿ ಎತ್ತರದಲ್ಲಿಯೂ, ಮಹಾವ್ಯಾಧನ ಕತ್ತಿಯ ನೀಹಾರಿಕೆ (ಓರಿಯನ್ ನೀಹಾರಿಕೆ) ಜನವರಿಯ ಮಧ್ಯದಲ್ಲಿ ಹತ್ತೂಕಾಲಕ್ಕೆ 72 ಡಿಗ್ರಿ ಎತ್ತರದಲ್ಲಿಯೂ ಸಿಗುತ್ತವೆ. ಡಿಸೆಂಬರಿನಲ್ಲಿ ಸಂಧ್ಯೆಯ ಬೆಳಕು ಪೂರ್ತಿ ಆರಿದ ನಂತರವೂ ಸುಮಾರು ಹತ್ತು ಗಂಟೆಗಳ ಕತ್ತಲೆ ಉಳಿಯುತ್ತದೆ.

ತೊಂದರೆ ಇರುವುದು ಆಕಾಶಗಂಗೆಯ ಕೇಂದ್ರದ ವಿಷಯದಲ್ಲಿ. ಧನು ಮತ್ತು ವೃಶ್ಚಿಕದ ನೀಹಾರಿಕೆಗಳು ನಡುರಾತ್ರಿ ತಮ್ಮ ಅತಿ ಹೆಚ್ಚಿನ ಎತ್ತರಕ್ಕೆ ಬರುವ ಜೂನ್ ತಿಂಗಳಲ್ಲಿ ನಮ್ಮಲ್ಲಿ ಮುಂಗಾರು ಕವಿದಿರುತ್ತದೆ. ಆದ್ದರಿಂದ ಲಗೂನ್ ನೀಹಾರಿಕೆಯಂಥವನ್ನು ಮಾರ್ಚ್ ಏಪ್ರಿಲ್ ತಿಂಗಳುಗಳ ಬೆಳಗಿನ ಜಾವದಲ್ಲೇ ತೆಗೆಯಬೇಕು. ಏಪ್ರಿಲ್ ಮಧ್ಯದಲ್ಲಿ ಅದು ಯಾಮ್ಯೋತ್ತರ ದಾಟುವುದು ಸುಮಾರು ನಾಲ್ಕೂಮುಕ್ಕಾಲಿಗೆ. ಸಂಜೆ ಕಿನ್ನರದತ್ತ, ಎರಡು ಗಂಟೆಯ ಮೇಲೆ ಧನುವಿನತ್ತ ಎಂದು ರಾತ್ರಿಯನ್ನು ವಿಂಗಡಿಸಿಕೊಳ್ಳುವ ಅಪರೂಪದ ಸಂದರ್ಭ ಅದು. ಒಂದೇ ಕಾಯಕ್ಕೆ ರಾತ್ರಿಯನ್ನು ಮೀಸಲಿಡಬೇಕೆಂಬ ನನ್ನ ನಿಯಮವನ್ನು ನಾನೇ ಸಡಿಲಿಸುವುದು ಈ ಎರಡು ತಿಂಗಳುಗಳಲ್ಲಿ ಮಾತ್ರ.

ಸಂಸ್ಕರಣೆಗೆ ದುಬಾರಿ ತಂತ್ರಾಂಶ ಅನಿವಾರ್ಯವಲ್ಲ. ಸಿರಿಲ್ ಉಚಿತವಾಗಿ ಸಿಗುತ್ತದೆ, ಜೋಡಣೆಯಿಂದ ಬಣ್ಣದ ಹೊಂದಾಣಿಕೆಯವರೆಗೆ ಎಲ್ಲವನ್ನೂ ಮಾಡುತ್ತದೆ. ಹಿನ್ನೆಲೆಯ ಹೊಳಪಿನ ಇಳಿಜಾರನ್ನು ತೆಗೆಯಲು ಗ್ರಾಕ್ಸ್‌ಪರ್ಟ್ ಕೂಡ ಉಚಿತವೇ. ಇಳಿಜಾರನ್ನು ತೆಗೆಯುವುದು, ಗಾಯಾ ಬಾಹ್ಯಾಕಾಶ ನೌಕೆಯ ನಕ್ಷತ್ರಪಟ್ಟಿಯ ಆಧಾರದಲ್ಲಿ ಬಣ್ಣವನ್ನು ಸರಿಪಡಿಸುವುದು, ಈ ಎರಡನ್ನೂ ಮಂದ ಭಾಗಗಳು ಕಾಣುವಂತೆ ಚಿತ್ರದ ಹೊಳಪನ್ನು ಹಿಗ್ಗಿಸುವ ಮೊದಲೇ, ಮೌಲ್ಯಗಳು ರೇಖೀಯವಾಗಿರುವಾಗಲೇ (ಬಿದ್ದ ಬೆಳಕಿನ ಅನುಪಾತದಲ್ಲೇ ಇರುವಾಗ) ಮುಗಿಸಬೇಕು. ಹಿನ್ನೆಲೆಯನ್ನು ಪೂರ್ತಿ ಕಪ್ಪಾಗಿಸುವವರು ರಾತ್ರಿಗಟ್ಟಲೆ ಕೂಡಿಹಾಕಿದ ಅತಿ ಮಂದ ಸಿಗ್ನಲನ್ನೇ ಕತ್ತರಿಸಿ ಎಸೆಯುತ್ತಾರೆ. ಯಂತ್ರಕಲಿಕೆಯ ನಾಯ್ಸ್ ಕಡಿತ ಸಾಧನಗಳನ್ನು ನಾನೂ ಬಳಸುತ್ತೇನೆ. ಆದರೆ ಎರಡು ಬೇರೆ ರಾತ್ರಿಗಳ ದತ್ತಾಂಶವನ್ನು ಬೇರೆ ಬೇರೆಯಾಗಿ ಸಂಸ್ಕರಿಸಿದಾಗ ತಂತುವೊಂದು ಒಂದರಲ್ಲಿ ಮಾತ್ರ ಕಂಡರೆ, ಅದು ಆಕಾಶದ್ದೆಂದು ಒಪ್ಪಿಕೊಳ್ಳುವುದಿಲ್ಲ.

ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಉಪಕರಣಕ್ಕೆ ದೊಡ್ಡ ಅಪಾಯ ಮಸೂರದ ಮೇಲೆ ಬೆಳೆಯುವ ಶಿಲೀಂಧ್ರ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ಒಂದು ಅಗ್ಗದ ತೇವಮಾಪಕವನ್ನೂ ಒಳಗಿಟ್ಟು, ಸಾಪೇಕ್ಷ ತೇವವನ್ನು ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಬೇಕು. ಜೆಲ್ಲಿನ ಬಣ್ಣ ಬದಲಾದಾಗ ಒಲೆಯಲ್ಲಿ ಒಣಗಿಸಿ ಮರಳಿ ಬಳಸಬಹುದು. ಕ್ಯಾಮೆರಾದ ಒಳಗಿನ ತೇವಹೀರುವ ಗುಳಿಗೆಗಳನ್ನು ಬದಲಿಸಲೂ, ಮೌಂಟಿನ ಗೇರುಗಳ ಸಡಿಲವನ್ನು ಸರಿಪಡಿಸಲೂ, ಹೊಸ ಡಾರ್ಕ್ ಸಂಗ್ರಹವನ್ನು ತೆಗೆಯಲೂ ಇದೇ ಸಮಯ. ಹಿಂದಿನ ವರ್ಷದ ದತ್ತಾಂಶವನ್ನು ಮತ್ತೆ ಸಂಸ್ಕರಿಸಬಹುದಾದ್ದರಿಂದ ಜೋಡಿಸಿದ ಅಂತಿಮ ಚಿತ್ರದ ಜೊತೆಗೆ ಮೂಲ ಚಿತ್ರಗಳನ್ನೂ ಆಯಾ ರಾತ್ರಿಯ ಫ್ಲಾಟುಗಳನ್ನೂ ಉಳಿಸಿಕೊಂಡಿರಬೇಕು. ಅಕ್ಟೋಬರಿನಲ್ಲಿ ಅದೇ ಕಾಯ ಮತ್ತೆ ಮೇಲೇರಿದಾಗ ಹೊಸ ಗಂಟೆಗಳನ್ನು ಹಳೆಯವುಗಳಿಗೆ ಸೇರಿಸಲು ಅವು ಬೇಕಾಗುತ್ತವೆ.